ಐದು ವೋಲ್ಟ್ ಬಂತು, ಸರಿ. ರಿಪಲ್ ಎಷ್ಟು?

ನಮ್ಮ ಲ್ಯಾಬಲ್ಲಿ ಪವರ್ ಸಪ್ಲೈ ಅಂದ್ರೆ, ಮಲ್ಟಿಮೀಟರಿನಲ್ಲಿ 5 ವೋಲ್ಟ್ ಕಂಡ್ರೆ ಮುಗೀತು, ರೆಕಾರ್ಡಿಗೆ ಸಹಿ. ಆದರೆ ಡಿಸಿ ರೇಂಜಿನಲ್ಲಿ ಮೀಟರ್ ತೋರಿಸೋದು ಸರಾಸರಿ ಮಾತ್ರ. ಅದರ ಮೇಲೆ ಕೂತಿರುವ 100 ಹರ್ಟ್ಸ್ ರಿಪಲ್, ಸ್ವಿಚಿಂಗ್ ಸ್ಪೈಕು ಅದಕ್ಕೆ ಕಾಣೋದೇ ಇಲ್ಲ.

ಪ್ರಾಜೆಕ್ಟ್ ವರದಿಯಲ್ಲಿ ಮಾತ್ರ 'ರೈತರಿಗಾಗಿ ಪಂಪ್ ಕಂಟ್ರೋಲರ್' ಅಂತ ಬರೀತೀವಿ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಂಥ ಊರಲ್ಲಿ ಆ ಬೋರ್ಡಿನ ಪಕ್ಕದಲ್ಲೇ ಮೋಟಾರು ಇರುತ್ತೆ. ಸ್ಟಾರ್ಟರ್ ಬಿಟ್ಟಾಗ ಏಳುವ ಸ್ಪೈಕಿಗೆ ಮೈಕ್ರೋಕಂಟ್ರೋಲರ್ ರೀಸೆಟ್ ಆದರೆ, ರಾತ್ರಿ ಟಾರ್ಚ್ ಹಿಡಿದು ಕಬ್ಬಿನ ಗದ್ದೆಗೆ ಓಡಬೇಕಾದವನು ರೈತ, ನಾವಲ್ಲ.

ಹಾಗಾಗಿ ನನ್ನ ವಾದ ಇಷ್ಟೇ: ನಾಯ್ಸ್ ಅಳೆಯದ ಸಪ್ಲೈಗೆ ಅಂಕ ಕೊಡಬಾರದು. ಸ್ವಿಚಿಂಗ್ ಸರ್ಕ್ಯೂಟನ್ನು ಬ್ರೆಡ್‌ಬೋರ್ಡಿನಲ್ಲಿ ನಂಬಬೇಡಿ. ಅದರ ಉದ್ದುದ್ದ ವೈರುಗಳ ಇಂಡಕ್ಟೆನ್ಸೇ ಸ್ಪೈಕ್ ಹುಟ್ಟಿಸುತ್ತೆ. ಬೋರ್ಡಿಗೆ ಬೆಸುಗೆ ಹಾಕಿ, ಪೂರ್ತಿ ಲೋಡ್ ಕೊಟ್ಟು, ಸ್ಕೋಪನ್ನು ಎಸಿ ಕಪ್ಲಿಂಗಿನಲ್ಲಿಟ್ಟು ನೋಡಿ. ಪ್ರೋಬಿನ ಉದ್ದ ಗ್ರೌಂಡ್ ವೈರ್ ತೆಗೆದು ಪುಟ್ಟ ಸ್ಪ್ರಿಂಗ್ ಹಾಕಿ. ಇಲ್ಲದಿದ್ರೆ ಆ ವೈರೇ ಆಂಟೆನಾ ಆಗಿ, ಇಲ್ಲದ ನಾಯ್ಸನ್ನೂ ತೋರಿಸುತ್ತೆ. ಆಮೇಲೆ ಪಕ್ಕದಲ್ಲೊಂದು ಮೋಟಾರು ಆನ್-ಆಫ್ ಮಾಡಿ.

ಟೈಮಿಲ್ಲ ಅನ್ನಬಹುದು. ವರದಿಗೆ ಬೈಂಡಿಂಗ್ ಮಾಡಿಸೋಕೆ ಅರ್ಧ ದಿನ ಸಿಗುತ್ತಲ್ಲ, ಇದಕ್ಕೂ ಸಿಗುತ್ತೆ.