ರಸೀದಿಯ ಮೇಲಿನ ಒಂದು ಮಾತು

ಘಟ್ಟದ ನೆತ್ತಿಯಲ್ಲಿ ಸುರಿದ ಮಳೆ ಘಟಪ್ರಭೆಯಾಗಿ ಬಯಲಿಗಿಳಿದು, ಮುಧೋಳದ ಬದಿಯಲ್ಲಿ ಹರಿದು ಕೃಷ್ಣೆಯನ್ನು ಕೂಡುತ್ತದೆ. ಮಲೆನಾಡಿನವರಿಗೂ ಮುಧೋಳ ಸೀಮೆಯ ಕಬ್ಬಿನ ರೈತರಿಗೂ ನೀರಿನ ನಂಟು ಹೀಗೆ ಹಳೆಯದು. ಅದೇ ಸೀಮೆಯ ರನ್ನ ಬೆಳಗಲಿಯಿಂದ ಹತ್ತನೆಯ ಶತಮಾನದಲ್ಲಿ ಬಳೆಗಾರರ ಮನೆಯ ಮಗನೊಬ್ಬ ವಿದ್ಯೆಯನ್ನರಸಿ ಶ್ರವಣಬೆಳಗೊಳದವರೆಗೆ ಹೋದ. ಅಜಿತಸೇನಾಚಾರ್ಯರ ಶಿಷ್ಯನಾಗಿ ಕವಿಚಕ್ರವರ್ತಿ ರನ್ನನಾದ. ಇಂದು ಅಂತಹ ಊರಿನ ಹುಡುಗಿಯೋ ಹುಡುಗನೋ ಕಾನೂನು ಓದಿ ಜನರ ಹಕ್ಕುಗಳಿಗಾಗಿ ವಾದಿಸುವ ವಕೀಲರಾಗುವೆವೆಂದರೆ, ಅದರಿಂದ ಹೊಟ್ಟೆ ತುಂಬೀತೇ ಎಂದು ಮನೆಯವರು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ತಪ್ಪಿಲ್ಲ. ಆದರೆ ಅದಕ್ಕಿಂತ ಮೊದಲು ಊರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೊಂದಿದೆ: ಅಂತಹ ವಕೀಲರಿಲ್ಲದೆ ಊರು ಈವರೆಗೆ ಕಳೆದುಕೊಂಡದ್ದೆಷ್ಟು?

ಹಕ್ಕುಗಳು ದೆಹಲಿಯಲ್ಲಿ ಸೋಲುತ್ತವೆಂಬುದು ಸಾಮಾನ್ಯ ಕಲ್ಪನೆ. ಬಹುಪಾಲು ಅವು ಸೋಲುವುದು ತಾಲ್ಲೂಕು ಕಚೇರಿಯ ಮೇಜಿನ ಮೇಲೆ, ಒಂದು ಸಹಿಯಲ್ಲಿ. ಮುಳುಗಡೆಯಾದ ಹೊಲಕ್ಕೆ ಪರಿಹಾರದ ಹಣ ಪಡೆಯುವಾಗ 'ಆಕ್ಷೇಪಣೆಗೆ ಒಳಪಟ್ಟು ಪಡೆದಿದ್ದೇನೆ' ಎಂದು ಬರೆಯದೆ ಸಹಿ ಹಾಕಿದವನಿಗೆ, ಹೆಚ್ಚಿನ ಪರಿಹಾರ ಕೋರಿ ನ್ಯಾಯಾಲಯಕ್ಕೆ ಹೋಗುವ ಹಕ್ಕು ಅಲ್ಲಿಗೇ ಮುಗಿಯುತ್ತದೆ. 1894ರ ಭೂಸ್ವಾಧೀನ ಕಾಯ್ದೆಯಲ್ಲಿದ್ದ ಈ ನಿಯಮವನ್ನು, 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯೂ ಉಳಿಸಿಕೊಂಡಿದೆ. ಐತೀರ್ಪಿನ ವೇಳೆ ಹಾಜರಿದ್ದವನಿಗೆ ಆಕ್ಷೇಪಣೆಯ ಅರ್ಜಿ ಹಾಕಲು ಮೂಲತಃ ಇರುವ ಅವಧಿ ಆರು ವಾರ. ಸುಮ್ಮನಿದ್ದವನಿಗೂ ಕಾನೂನು ಒಂದು ಕಿಂಡಿಯನ್ನು ತೆರೆದಿಟ್ಟಿದೆ: ಅದೇ ಅಧಿಸೂಚನೆಯಡಿ ಭೂಮಿ ಕಳೆದುಕೊಂಡ ನೆರೆಯವನಿಗೆ ನ್ಯಾಯಾಲಯ ಪರಿಹಾರ ಹೆಚ್ಚಿಸಿದರೆ, ಆ ತೀರ್ಪಿನಿಂದ ಮೂರು ತಿಂಗಳೊಳಗೆ ಇವನೂ ಅದೇ ದರವನ್ನು ಕೇಳಬಹುದು. ಆದರೆ ನೆರೆಯವನ ಮೊಕದ್ದಮೆಯ ತೀರ್ಪು ಯಾವ ದಿನ ಹೊರಬಿತ್ತೆಂದು ತಿಳಿಸುವವರು ಯಾರು? ಇದನ್ನೆಲ್ಲ ಓದಿ ಹೇಳಬಲ್ಲವರೊಬ್ಬರು ಊರಲ್ಲಿರುವುದಕ್ಕೂ ಇಲ್ಲದಿರುವುದಕ್ಕೂ ನಡುವಣ ಅಂತರ ಒಂದು ಕುಟುಂಬದ ಬಾಳುವೆಯಷ್ಟೇ ಆಗಿರುತ್ತದೆ.

ಇದು ಹಳೆಯ ಕಥೆಯಲ್ಲ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು ಒಪ್ಪಿತು. ಇದರಿಂದ ಮುಳುಗುವ ಭೂಮಿ ಸುಮಾರು 75,000 ಎಕರೆ. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಈ ದರ ಒಪ್ಪಿಗೆಯ ಐತೀರ್ಪಿಗೆ ಸಂಬಂಧಿಸಿದ್ದು. ಒಪ್ಪಿ ಸಹಿ ಮಾಡಿದವನು ಮತ್ತೆ ನ್ಯಾಯಾಲಯದ ಮೆಟ್ಟಿಲೇರುವುದು ಕಠಿಣ. ಮೊತ್ತ ಯೋಗ್ಯವೋ ಅಲ್ಲವೋ ಎಂಬುದು ಬೇರೆ ಚರ್ಚೆ. ಏನಕ್ಕೆ ಸಹಿ ಹಾಕುತ್ತಿದ್ದೇನೆಂದು ತಿಳಿದು ಸಹಿ ಹಾಕುವುದು ಮಾತ್ರ ರೈತನ ಹಕ್ಕು.

ಘಟ್ಟದ ಮೇಲಿನ ಸ್ಥಿತಿಯೂ ಭಿನ್ನವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮಸಭೆಯ ನಿರ್ಣಯದಿಂದ ನೊಂದವರು ಉಪವಿಭಾಗ ಸಮಿತಿಗೆ ದೂರು ಕೊಡಬೇಕಾದದ್ದು 60 ದಿನಗಳೊಳಗೆ. ಉಪವಿಭಾಗ ಸಮಿತಿಯ ತೀರ್ಮಾನದ ವಿರುದ್ಧ ಜಿಲ್ಲಾ ಸಮಿತಿಗೆ ಹೋಗಲು ಮತ್ತೆ 60 ದಿನ. ಧರಣಿ ಕೂತವರಲ್ಲಿ ಎಷ್ಟು ಮಂದಿ ಈ ದಿನಗಳನ್ನು ಎಣಿಸಿದ್ದಾರೆ? ಘೋಷಣೆಗೆ ಗಡುವಿಲ್ಲ, ಅರ್ಜಿಗೆ ಇದೆ.

ಚಳವಳಿ ಮತ್ತು ನ್ಯಾಯಾಲಯ ಜೊತೆಯಾಗಿ ನಡೆದಾಗ ಏನಾಗುತ್ತದೆಂಬುದನ್ನು ಈ ನಾಡು ಒಮ್ಮೆ ಕಂಡಿದೆ. 1984ರಲ್ಲಿ ಸರ್ಕಾರವು ಹರಿಹರ ಪಾಲಿಫೈಬರ್ಸ್ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಯನ್ನು ಕಟ್ಟಿ, ಹಳ್ಳಿಗಳು ಮೇವು ಸೌದೆಗೆ ನಂಬಿದ್ದ ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಹೊರಟಿತು. ಸಮಾಜ ಪರಿವರ್ತನ ಸಮುದಾಯ, ಶಿವರಾಮ ಕಾರಂತರು ಮೊದಲಾದವರು ಸುಪ್ರೀಂ ಕೋರ್ಟಿಗೆ ಹೋದರು. 1987ರಲ್ಲಿ ತಡೆಯಾಜ್ಞೆ ದೊರೆಯಿತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. 1991ರಲ್ಲಿ ಸಂಸ್ಥೆಯೇ ಮುಚ್ಚಿತು. ಕುಸನೂರಿನ ಕೈಗಳಿಲ್ಲದಿದ್ದರೆ ತಡೆಯಾಜ್ಞೆ ಕಡತದಲ್ಲೇ ಉಳಿಯುತ್ತಿತ್ತೇನೋ. ತಡೆಯಾಜ್ಞೆ ಇಲ್ಲದಿದ್ದರೆ ಆ ಕೈಗಳಿಗೆ ಕೋಳವೂ ಬೀಳುತ್ತಿತ್ತೇನೋ.

ದಾರಿ ಮೊದಲಿಗಿಂತ ಈಗ ಹತ್ತಿರವಾಗಿದೆ. ಪಿಯುಸಿಯ ನಂತರ ಐದು ವರ್ಷ, ಇಲ್ಲವೇ ಪದವಿಯ ನಂತರ ಮೂರು ವರ್ಷದ ಓದು. ವಕೀಲರ ಪರಿಷತ್ತುಗಳು ನೋಂದಣಿಗೆ ಸಾವಿರಾರು ರೂಪಾಯಿ ಕೀಳುತ್ತಿದ್ದ ಪದ್ಧತಿಯನ್ನು ಸುಪ್ರೀಂ ಕೋರ್ಟು 2024ರ ಜುಲೈ 30ರಂದು ತಳ್ಳಿಹಾಕಿತು: ಶುಲ್ಕ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೆ 125, ಅದಕ್ಕಿಂತ ಹೆಚ್ಚಿಲ್ಲ. ರಿಟ್ ಅರ್ಜಿಗಾಗಿ ಮುಧೋಳದವರೂ ಶಿರಸಿಯವರೂ ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿಯುತ್ತಿದ್ದ ಕಾಲ, 2008ರ ಜುಲೈಯಲ್ಲಿ ಧಾರವಾಡದ ಸಂಚಾರಿ ಪೀಠ ತೆರೆದಾಗ ಕೊನೆಗೊಂಡಿತು. 2013ರಲ್ಲಿ ಅದು ಕಾಯಂ ಪೀಠವೂ ಆಯಿತು.

ಉಳಿದಿರುವುದು ಹೊಟ್ಟೆಯ ಪ್ರಶ್ನೆ. ಹಿರಿಯ ವಕೀಲರ ಕೈಕೆಳಗೆ ಕಡತ ಹೊರುವ ಮೊದಲ ಕೆಲವು ವರ್ಷ ಆದಾಯ ಇಲ್ಲವೆಂದೇ ತಿಳಿಯಬೇಕು. ನಗರದ ಹುಡುಗನಿಗೆ ಆ ವರ್ಷಗಳನ್ನು ತಂದೆ ದಾಟಿಸುತ್ತಾನೆ. ಕೂಲಿಯವನ ಮಗಳು ಅಲ್ಲಿಯೇ ಕೈಚೆಲ್ಲಿ, ಕಂಪನಿಯ ಕಾಗದ ಬರೆಯುವ ನೌಕರಿಗೆ ಸೇರುತ್ತಾಳೆ. ಅವಳನ್ನು ದೂರುವುದು ಸುಲಭ, ನ್ಯಾಯವಲ್ಲ. ಪರಿಶಿಷ್ಟ ಸಮುದಾಯಗಳ ಕಾನೂನು ಪದವೀಧರರಿಗೆ ರಾಜ್ಯ ಸರ್ಕಾರದ ಶಿಷ್ಯವೇತನವಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗಳಲ್ಲಿ ಮಹಿಳೆಯರು, ಪರಿಶಿಷ್ಟರು, ಪ್ರವಾಹದಂತಹ ವಿಪತ್ತಿಗೆ ಸಿಕ್ಕವರ ಪರವಾಗಿ ಉಚಿತವಾಗಿ ವಾದಿಸುವ ಕೆಲಸವೂ ಇದೆ. ಆದರೆ ಅವೆರಡನ್ನು ನೆಚ್ಚಿ ಮನೆ ನಡೆಯದು. ರನ್ನನಿಗೆ ಚಾವುಂಡರಾಯನ, ಅತ್ತಿಮಬ್ಬೆಯ ಆಶ್ರಯವಿತ್ತು. ಜಾತ್ರೆಗೆ ಪಟ್ಟಿ ಎತ್ತುವ ಊರುಗಳು, ಸೌಹಾರ್ದ ಸಂಘಗಳು, ಹೋರಾಟ ಸಮಿತಿಗಳು ತಮ್ಮ ತಾಲ್ಲೂಕಿನ ಒಬ್ಬಿಬ್ಬರು ಕಿರಿಯ ವಕೀಲರಿಗೆ ಮೂರು ವರ್ಷದ ಕೋಣೆ ಬಾಡಿಗೆಯನ್ನೂ ಪುಸ್ತಕದ ಖರ್ಚನ್ನೂ ಹೊತ್ತರೆ ಆಗಬಾರದ್ದೇನಿಲ್ಲ.

ವಿದ್ಯಾರ್ಥಿಗಳು ಅಷ್ಟು ದಿನ ಕಾಯಬೇಕಾಗಿಯೂ ಇಲ್ಲ. ಕಾನೂನು ಕಾಲೇಜಿನ ರಜೆಯಲ್ಲಿ ಊರಿಗೆ ಬಂದವರು ಮನೆಮನೆಯ ಟ್ರಂಕಿನಲ್ಲಿರುವ ನೋಟೀಸು, ಐತೀರ್ಪಿನ ಪ್ರತಿ, ಅರಣ್ಯ ಹಕ್ಕಿನ ಹಿಂಬರಹಗಳನ್ನು ತೆಗೆಸಿ, ದಿನಾಂಕಗಳನ್ನು ಒಂದು ನೋಟುಪುಸ್ತಕಕ್ಕೆ ಇಳಿಸಬಹುದು. ಮೂರು ತಿಂಗಳು, ಆರು ವಾರ, 60 ದಿನ ಇನ್ನೂ ಮೀರದ ಕಾಗದ ಅದರಲ್ಲಿ ಒಂದಾದರೂ ಇರಬಹುದು.