ಮೂಗಿನ ಲೆಕ್ಕಪತ್ರ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳಲ್ಲಿ ಮದುವೆಯ ಮಾತು ಬಸದಿಯ ಅಂಗಳದಲ್ಲಿಯೋ ಬಂಧುಗಳ ಪಡಸಾಲೆಯಲ್ಲಿಯೋ ಆರಂಭವಾಗುವುದು ಈಗ ಅಪರೂಪ. ಅದು ಮೊಬೈಲ್ ತೆರೆಯ ಮೇಲಿನ ಒಂದು ಭಾವಚಿತ್ರದಿಂದ ಆರಂಭವಾಗುತ್ತದೆ. ಊರಿನಲ್ಲಿದ್ದಾಗ ಹುಡುಗಿಯ ಮನೆತನ, ಓದು, ನಡೆನುಡಿ ಎಲ್ಲವೂ ಹತ್ತು ಬಾಯಿಗಳ ಮೂಲಕ ಮುಂಚಿತವಾಗಿಯೇ ತಲುಪುತ್ತಿದ್ದವು. ಊರು ಬಿಟ್ಟು ಬಂದ ಮೇಲೆ ಆ ಹತ್ತು ಬಾಯಿಗಳ ಕೆಲಸವನ್ನು ಒಂದು ಚಿತ್ರವೇ ಮಾಡಬೇಕಾಗಿದೆ. ಮುಖದ ನಟ್ಟನಡುವೆ ಇರುವುದು ಮೂಗು. "ಎಲ್ಲವೂ ಚೆನ್ನಾಗಿದೆ, ಮೂಗೊಂದು ಸ್ವಲ್ಪ..." ಎಂಬ ಅರ್ಧ ವಾಕ್ಯ ಎಷ್ಟೋ ಮನೆಗಳ ನೆಮ್ಮದಿ ಕೆಡಿಸಿದೆ. ಆ ವಾಕ್ಯವನ್ನು ಪೂರ್ತಿಗೊಳಿಸುವ ಧೈರ್ಯ ಆಡಿದವರಿಗಿರುವುದಿಲ್ಲ. ಪೂರ್ತಿಗೊಳಿಸುವವರು ಹುಡುಗಿಯ ತಾಯಿತಂದೆ, ಅದೂ ಶಸ್ತ್ರಚಿಕಿತ್ಸಕರ ಕೊಠಡಿಯಲ್ಲಿ.

ಆ ಕೊಠಡಿಗೆ ಹೋಗುವ ಮೊದಲು ತಿಳಿದಿರಬೇಕಾದ ಸರಳ ಸಂಗತಿಯೊಂದಿದೆ. ಮುಖದ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ 2018ರಲ್ಲಿ ಪ್ರಕಟವಾದ ಲೆಕ್ಕಾಚಾರದಂತೆ, 12 ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗಿನ ಬುಡವು 5 ಅಡಿ ದೂರದಿಂದ ತೆಗೆದ ಚಿತ್ರಕ್ಕಿಂತ ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆ. ದೋಷ ಮೂಗಿನದಲ್ಲ, ಕ್ಯಾಮೆರಾ ಇದ್ದ ದೂರದ್ದು. ನಾಲ್ಕು ಹೆಜ್ಜೆ ಹಿಂದೆ ಸರಿದು ತೆಗೆದ ಚಿತ್ರದಿಂದ ಬಗೆಹರಿಯಬಹುದಾದ ಸಮಸ್ಯೆಗೆ ಕತ್ತಿಯನ್ನು ಕರೆಯುವುದು ದುಬಾರಿ ವಿನೋದ.

ಮೂಗಿನ ಚಿಕಿತ್ಸೆಗಳೆಲ್ಲವೂ ಅಲಂಕಾರವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ನಡುಗೋಡೆ ಸೊಟ್ಟಗಾಗಿ ಉಸಿರಾಟಕ್ಕೆ ತೊಡಕಾದಾಗ ಮಾಡುವ ಸೆಪ್ಟೊಪ್ಲಾಸ್ಟಿ, ಅಪಘಾತದ ನಂತರ ಮಾಡುವ ಪುನರ್ನಿರ್ಮಾಣ, ಸೀಳುತುಟಿಯೊಡನೆ ಹುಟ್ಟಿದ ಮಗುವಿನ ಮೂಗನ್ನು ತಿದ್ದುವುದು, ಇವು ಚಿಕಿತ್ಸೆಗಳೇ. ಇಂಥವಕ್ಕೆ ಹಿಂಜರಿಯುವವರನ್ನು ಪ್ರೋತ್ಸಾಹಿಸುವುದು ಸಮಾಜದ ಕರ್ತವ್ಯ. ಪ್ರಾಪ್ತವಯಸ್ಕರೊಬ್ಬರು ಯಾರ ಒತ್ತಡವೂ ಇಲ್ಲದೆ ತಮ್ಮ ದುಡಿಮೆಯ ಹಣದಿಂದ ತಮ್ಮ ಮೂಗನ್ನು ತಿದ್ದಿಸಿಕೊಂಡರೆ ಅದನ್ನು ಪ್ರಶ್ನಿಸುವ ಅಧಿಕಾರವೂ ಸಮಾಜಕ್ಕಿಲ್ಲ. ಪ್ರಶ್ನೆ ಏಳುವುದು ನಿಶ್ಚಿತಾರ್ಥದ ದಿನಾಂಕವನ್ನು ನೋಡಿಕೊಂಡು ಶಸ್ತ್ರಚಿಕಿತ್ಸೆಯ ದಿನಾಂಕವನ್ನು ಗೊತ್ತುಮಾಡುವಾಗ.

ಈ ಎರಡು ಪಂಚಾಂಗಗಳು ಕೂಡಿಬರುವುದಿಲ್ಲ. ರೈನೊಪ್ಲಾಸ್ಟಿ ಮಾಡಿಸಿಕೊಂಡವರ ಅನುಭವ ಬಹುಮಟ್ಟಿಗೆ ಒಂದೇ ಬಗೆಯದು. ಮೊದಲ ವಾರ ಮೂಗಿನ ಮೇಲೆ ಗಟ್ಟಿ ಪಟ್ಟಿ, ಕಣ್ಣಿನ ಸುತ್ತ ನೀಲಿಗಟ್ಟಿದ ಚರ್ಮ, ಬಾಯಿಯಿಂದ ಉಸಿರಾಟ, ತಲೆಯೆತ್ತರಿಸಿ ಮಲಗಬೇಕಾದ ನಿದ್ದೆಗೆಟ್ಟ ರಾತ್ರಿಗಳು. ಪಟ್ಟಿ ಬಿಚ್ಚಿದ ದಿನ ಕನ್ನಡಿಯಲ್ಲಿ ಕಾಣುವುದು ಬಯಸಿದ ಮೂಗಲ್ಲ, ಬಾತ ಮೂಗು. ಎರಡನೆಯ ವಾರದಲ್ಲಿ ಅನೇಕರಿಗೆ ಅಳು ಬರುವುದೂ ಮಾಡಿಸಿಕೊಳ್ಳಬಾರದಿತ್ತೆಂದು ಅನ್ನಿಸುವುದೂ ಸಾಮಾನ್ಯ. ಬಾವು ಹೆಚ್ಚಿನಂಶ ಕೆಲವು ವಾರಗಳಲ್ಲಿ ಇಳಿದರೂ ತುದಿಯ ಅಂತಿಮ ಆಕಾರ ನಿಲ್ಲಲು ಸುಮಾರು ಒಂದು ವರ್ಷ ಬೇಕು; ನಮ್ಮ ನಾಡಿನ ಹಲವರಲ್ಲಿರುವ ದಪ್ಪ ಚರ್ಮದ ಮೂಗಿಗೆ ಇನ್ನೂ ತಾಳ್ಮೆ ಬೇಕಾಗುತ್ತದೆ. ನೂರರಲ್ಲಿ 5ರಿಂದ 15 ಮಂದಿಗೆ ಮರುಶಸ್ತ್ರಚಿಕಿತ್ಸೆ ಬೇಕಾಗಬಹುದೆಂಬುದು ವೈದ್ಯಸಾಹಿತ್ಯದಲ್ಲಿ ಸಾಮಾನ್ಯವಾಗಿ ಕಾಣುವ ಅಂದಾಜು. ಅದನ್ನೂ ವರ್ಷ ಕಳೆಯುವ ಮುನ್ನ ಮಾಡುವುದಿಲ್ಲ. ಇದರ ಜೊತೆಗೆ ಇಲ್ಲಿನ ಬದುಕಿಗೇ ವಿಶಿಷ್ಟವಾದ ತೊಡಕುಗಳಿವೆ. ಮೂಳೆ ಕೂಡುವ ಮೊದಲ ಆರು ವಾರ ಮೂಗಿಗೆ ಪೆಟ್ಟು ತಗಲಬಾರದು, ಕನ್ನಡಕದ ಭಾರವೂ ಕೂಡದು ಎನ್ನುತ್ತಾರೆ. ಬೆಳಗಿನ ಎಂಟರ ಡೊಂಬಿವಲಿ ಲೋಕಲ್ ಹತ್ತುವವರಿಗೆ ಪಕ್ಕದವರ ಮೊಣಕೈ ಎಲ್ಲಿರುತ್ತದೆಂದು ವಿವರಿಸಬೇಕಾಗಿಲ್ಲ. ರಾತ್ರಿಭೋಜನ ತ್ಯಾಗದ ನಿಯಮವಿರುವವರು ಆಹಾರದೊಡನೆ ತೆಗೆದುಕೊಳ್ಳಬೇಕಾದ ಮಾತ್ರೆಗಳ ಹೊತ್ತನ್ನು ವೈದ್ಯರೊಡನೆ ಮೊದಲೇ ಮಾತನಾಡಿಕೊಳ್ಳಬೇಕು. ದಶಲಕ್ಷಣ ಪರ್ವದ ಉಪವಾಸಕ್ಕೆ ಒತ್ತಾಗಿ ದಿನ ಗೊತ್ತುಮಾಡುವುದು ಅವಿವೇಕ.

ಮೂಗಿನ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಕನ್ನಡ ನೆಲಕ್ಕೂ ಮಹಾರಾಷ್ಟ್ರಕ್ಕೂ ಒಂದು ವಿಚಿತ್ರ ನಂಟಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುತ್ತಿದ್ದ ಕಾವಸಜಿ ಎಂಬ ಮರಾಠಿ ರೈತ ಟಿಪ್ಪುವಿನ ಸೆರೆಗೆ ಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಗೆ ಸೇರಿದವನೊಬ್ಬ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಅದನ್ನು ಚಿತ್ರಸಹಿತ ವರದಿ ಮಾಡಿತು. ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ವಿಧಾನವನ್ನು ಅನುಸರಿಸಿದ. ಯೂರೋಪಿನ ಹೊಸ ಪ್ಲಾಸ್ಟಿಕ್ ಸರ್ಜರಿ ಹೀಗೆ ಮೈಸೂರು ಯುದ್ಧದಲ್ಲಿ ಆದ ಗಾಯಕ್ಕೂ ಪುಣೆಯ ಕೈಚಳಕಕ್ಕೂ ಋಣಿ. ಅಂದು ಕಳೆದುಹೋದ ಮೂಗನ್ನು ಮರಳಿ ಕೊಡುವುದು ವಿದ್ಯೆಯಾಗಿತ್ತು. ಇರುವ ಮೂಗನ್ನು ಬೇರೆಯವರ ಕಣ್ಣಿಗೆ ಹಿಡಿಸುವಂತೆ ಮಾಡುವುದು ಇಂದಿನ ವ್ಯಾಪಾರ.

ಈ ಭೇದವನ್ನು ತೆರಿಗೆ ಕಾನೂನು ಸಮಾಜಕ್ಕಿಂತ ಚೆನ್ನಾಗಿ ಅರ್ಥಮಾಡಿಕೊಂಡಿದೆ. 2017ರ ಜೂನ್ 28ರ ಜಿಎಸ್‌ಟಿ ಅಧಿಸೂಚನೆಯಲ್ಲಿ ಆರೋಗ್ಯಸೇವೆಗೆ ತೆರಿಗೆ ವಿನಾಯಿತಿಯಿದೆ. ಸೌಂದರ್ಯ ಶಸ್ತ್ರಚಿಕಿತ್ಸೆಗೆ ಇಲ್ಲ. ಹುಟ್ಟುದೋಷ, ಬೆಳವಣಿಗೆಯ ವೈಕಲ್ಯ, ಗಾಯ ಅಥವಾ ಆಘಾತದಿಂದ ಕೆಟ್ಟ ಅಂಗವನ್ನು ಮರಳಿ ಸರಿಪಡಿಸುವ ಚಿಕಿತ್ಸೆಗೆ ಮಾತ್ರ ವಿನಾಯಿತಿ ಮುಂದುವರಿಯುತ್ತದೆ. ಉಳಿದದ್ದಕ್ಕೆ ಶೇಕಡಾ 18. ಒಂದೂವರೆ ಲಕ್ಷವೆಂದು ಹೇಳಿದ ಮೂಗು 1,77,000 ರೂಪಾಯಿಯ ಮೂಗಾಗುವುದು ಹೀಗೆ. ಅರಿವಳಿಕೆ, ಕೊಠಡಿ, ಔಷಧಿ ಇವು ಒಟ್ಟು ಮೊತ್ತದಲ್ಲಿ ಸೇರಿವೆಯೇ ಎಂಬುದನ್ನು ಬರವಣಿಗೆಯಲ್ಲಿ ಕೇಳದವರು ಕೊನೆಗೆ ಎರಡನೆಯ ಸಲ ಬೆಚ್ಚಿಬೀಳುತ್ತಾರೆ. "ಬಡ್ಡಿಯಿಲ್ಲದ ಕಂತು" ಎಂಬ ಮಾತಿನ ಹಿಂದೆ ಸಂಸ್ಕರಣಾ ಶುಲ್ಕ ಕುಳಿತಿರುತ್ತದೆ.

ಆಗ ಬರುವ ಸಲಹೆಗಳು ಎರಡು. ಮೊದಲನೆಯದು, ರಸೀದಿ ಬೇಡವೆಂದರೆ ತೆರಿಗೆ ಉಳಿಯುತ್ತದೆ ಎಂಬುದು. ರಸೀದಿ ಇಲ್ಲದ ಚಿಕಿತ್ಸೆ ಕಾನೂನಿನ ಕಣ್ಣಿಗೆ ಹೆಚ್ಚುಕಡಿಮೆ ನಡೆಯದ ಚಿಕಿತ್ಸೆ. ನಾಳೆ ಮೂಗು ಕುಸಿದರೆ ಕೈಯಲ್ಲಿ ಸಾಕ್ಷ್ಯವಿರುವುದಿಲ್ಲ. ಎರಡನೆಯದು ಇನ್ನೂ ಅಪಾಯಕಾರಿ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಪ್ರಮಾಣೀಕರಿಸಿದ ಷರತ್ತಿನಂತೆ ರೂಪ ಬದಲಾಯಿಸುವ ಶಸ್ತ್ರಚಿಕಿತ್ಸೆ ಆರೋಗ್ಯವಿಮೆಯ ಹೊರಗಿದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್ನಿರ್ಮಾಣ ಅಥವಾ ಆರೋಗ್ಯಕ್ಕೆ ನೇರ ಅಪಾಯವಿದ್ದಾಗಿನ ಚಿಕಿತ್ಸೆ ಮಾತ್ರ ಒಳಗೆ. ಹಾಗಾಗಿ ಅಲಂಕಾರದ ಮೂಗನ್ನು ಕಾಗದದ ಮೇಲೆ ಸೊಟ್ಟ ನಡುಗೋಡೆಯ ಚಿಕಿತ್ಸೆಯೆಂದು ಬರೆಸಿಕೊಳ್ಳುವ ದಾರಿಯನ್ನು ಕೆಲವರು ತೋರಿಸುತ್ತಾರೆ. ಎರಡೂ ನಿಜವಾಗಿಯೂ ಒಟ್ಟಿಗೆ ನಡೆದರೆ ಬಿಲ್ಲನ್ನು ಎರಡು ಭಾಗ ಮಾಡಿ ಉಸಿರಾಟದ ಭಾಗಕ್ಕೆ ಮಾತ್ರ ವಿಮೆ ಕೇಳುವುದು ಪ್ರಾಮಾಣಿಕ. ಅದಲ್ಲದ್ದು ವಂಚನೆ, ಪಾಲಿಸಿ ರದ್ದಾದರೆ ಅಜ್ಜನ ಹೃದಯದ ಚಿಕಿತ್ಸೆಗೂ ಅದು ಉಳಿಯುವುದಿಲ್ಲ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಎಂದರೆ ಸುಳ್ಳು ದಾಖಲೆ ಬರೆಯುವುದು, ಒಂದು. ಉಮಾಸ್ವಾತಿಗಳ ಕಾಲದಲ್ಲಿ ಆರೋಗ್ಯವಿಮೆ ಇರಲಿಲ್ಲ, ಆದರೆ ಮನುಷ್ಯಸ್ವಭಾವ ಇದೇ ಇತ್ತು.

ಕತ್ತಿಗೆ ಹೆದರುವವರು ಸೂಜಿಗೆ ಒಲಿಯುತ್ತಾರೆ. ಹತ್ತು ನಿಮಿಷದಲ್ಲಿ ಮೂಗನ್ನು ನೇರಗೊಳಿಸುತ್ತೇವೆನ್ನುವ ಫಿಲ್ಲರ್ ಚಿಕಿತ್ಸೆ ಕೆಲವು ತಿಂಗಳು ಉಳಿಯುವ ತಾತ್ಕಾಲಿಕ ಉಪಾಯ. ಅದು ರಕ್ತನಾಳಕ್ಕೆ ಹೊಕ್ಕರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಚುಚ್ಚುವವರ ಬಳಿ ಅದನ್ನು ಕರಗಿಸುವ ಹಯಾಲುರೊನಿಡೇಸ್ ಔಷಧಿ ಸಿದ್ಧವಿದೆಯೇ ಎಂದು ಕೇಳದೆ ಕುರ್ಚಿಯಲ್ಲಿ ಕೂರಬಾರದು. ಅಹಿಂಸೆಯ ಪ್ರಶ್ನೆಯೂ ಇಲ್ಲಿದೆ. ಫಿಲ್ಲರಿನ ಹಯಾಲುರೊನಿಕ್ ಆಮ್ಲವನ್ನು ಹಿಂದೆ ಕೋಳಿಯ ಜುಟ್ಟಿನಿಂದ ತೆಗೆಯುತ್ತಿದ್ದರು, ಇಂದು ಹೆಚ್ಚಾಗಿ ಬ್ಯಾಕ್ಟೀರಿಯಾದ ಹುದುಗುವಿಕೆಯಿಂದ ತಯಾರಿಸುತ್ತಾರೆ. ಹಳೆಯ ಕೊಲಾಜೆನ್ ಫಿಲ್ಲರುಗಳು ದನದ ಚರ್ಮದಿಂದ ಬಂದವು. ಬೊಟಾಕ್ಸಿನ ಪ್ರತಿ ತಂಡದ ಶಕ್ತಿಯನ್ನು ದಶಕಗಳ ಕಾಲ ಇಲಿಗಳನ್ನು ಕೊಂದು ಅಳೆಯುತ್ತಿದ್ದರು. ಜೀವಕೋಶಗಳ ಮೇಲಿನ ಪರೀಕ್ಷೆಗೆ ಅಮೆರಿಕದ ಔಷಧ ಪ್ರಾಧಿಕಾರ ಒಪ್ಪಿದ್ದು 2011ರಲ್ಲಿ. ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ಹಸಿರು ಚುಕ್ಕೆ ಹುಡುಕುವ ಮನೆಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ.

ಇವೆಲ್ಲಕ್ಕಿಂತ ದೊಡ್ಡ ಅಪಾಯ ಗುಟ್ಟು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ಇಳಿಸುವ ಶಸ್ತ್ರಚಿಕಿತ್ಸೆಯ ನಂತರ 21ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪೋಷಕರಿಗೆ ತಿಳಿಸದೆ ಆಸ್ಪತ್ರೆಗೆ ಹೋಗಿದ್ದರೆಂದು ಪತ್ರಿಕೆಗಳು ಬರೆದವು. ಮನೆಯವರ ಹಂಗಣೆಗೆ ಹೆದರಿ ಒಬ್ಬರೇ ಹೋಗುವ ಮಕ್ಕಳು ಒಂದು ಕಡೆ. ಮನೆಯವರೇ ಕರೆದೊಯ್ದು ಬಂಧುಗಳಿಗೆ "ಸೈನಸ್ ತೊಂದರೆ" ಎಂದು ಹೇಳುವವರು ಇನ್ನೊಂದು ಕಡೆ. ಎರಡನೆಯವರಿಗೆ ಚಿಕಿತ್ಸೆ ಕೆಟ್ಟರೂ ದೂರು ಕೊಡಲು ಬಾಯಿಲ್ಲ. ದೂರು ಕೊಟ್ಟರೆ ಗುಟ್ಟು ಹೊರಬೀಳುತ್ತದೆ, ಸಂಬಂಧ ಕೈತಪ್ಪುತ್ತದೆ. ಕೆಟ್ಟ ಚಿಕಿತ್ಸಾಲಯಗಳು ಬದುಕಿರುವುದು ಈ ಮೌನದ ಮೇಲೆ.

ಸರ್ಕಾರವೂ ಆ ಮೌನದಲ್ಲಿ ಪಾಲುದಾರ. ಮಹಾರಾಷ್ಟ್ರದಲ್ಲಿ ಇಂದಿಗೂ ಆಧಾರವಾಗಿರುವುದು 1949ರ ನರ್ಸಿಂಗ್ ಹೋಮ್ ನೋಂದಣಿ ಕಾಯ್ದೆ. ಹಾಸಿಗೆಗಳಿರುವ ಆಸ್ಪತ್ರೆ ನಗರಪಾಲಿಕೆಯ ಪಟ್ಟಿಯಲ್ಲಿರುತ್ತದೆ; ಹಾಸಿಗೆಯಿಲ್ಲದೆ ಅಂಗಡಿ ಸಾಲಿನಲ್ಲಿ ಫಿಲ್ಲರ್ ಚುಚ್ಚುವ ಚಿಕಿತ್ಸಾಲಯ ಅದರ ಹೊರಗೆ ಉಳಿದುಬಿಡುತ್ತದೆ. ಕೇಂದ್ರದ 2010ರ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯನ್ನು ಮುಂಬಯಿಯಲ್ಲಿ ಗದ್ದುಗೆ ಏರಿದ ಯಾವ ಪಕ್ಷವೂ ಜಾರಿಗೆ ತರಲಿಲ್ಲ. ಕರ್ನಾಟಕದ 2007ರ ಕಾಯ್ದೆ ಚಿಕ್ಕ ಚಿಕಿತ್ಸಾಲಯಗಳನ್ನೂ ಒಳಗೊಳ್ಳುತ್ತದೆ. ಅದನ್ನು ಬಿಗಿಗೊಳಿಸಲು 2017ರಲ್ಲಿ ಹೊರಟಾಗ ಬೆಳಗಾವಿ ಅಧಿವೇಶನದ ಹೊತ್ತಿಗೆ ವೈದ್ಯರು ಮುಷ್ಕರ ಹೂಡಿದ್ದು ನೆನಪಿರಬಹುದು. ಅಪೂರ್ಣವಾದರೂ ಅಲ್ಲೊಂದು ಕಾನೂನಿದೆ. ಕಲ್ಯಾಣ-ಡೊಂಬಿವಲಿ, ಠಾಣೆ, ನವಿ ಮುಂಬಯಿ ಪಾಲಿಕೆಗಳ ಚುನಾವಣೆಯಲ್ಲಿ ಜೈನ ಮತಗಳನ್ನು ಕೇಳಿಕೊಂಡು ಬರುವವರು ಮಾಂಸದಂಗಡಿ ಮುಚ್ಚಿಸುವ ಭರವಸೆಯನ್ನು ತಪ್ಪದೆ ತರುತ್ತಾರೆ. ಈ ಪ್ರಶ್ನೆಯನ್ನು ಅವರ ಮುಂದೆ ಯಾರೂ ಇಟ್ಟಿಲ್ಲ.

ಹಿರಿಯರಿಗೆ ಇದಕ್ಕೆಲ್ಲ ಸಿದ್ಧ ಉತ್ತರವೊಂದಿದೆ: ದೇಹ ಅಶುಚಿ, ರೂಪ ನಾಮಕರ್ಮದ ಫಲ, ಅದರ ಮೋಹ ಮಿಥ್ಯೆ. ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯ ಕಥೆಯನ್ನು ಪ್ರವಚನದಲ್ಲಿ ಕೇಳದ ಕನ್ನಡ ಶ್ರಾವಕರಿಲ್ಲ. ದೇವತೆಗಳೇ ನೋಡಲು ಬಂದ ರೂಪ ನೋಡುತ್ತಿದ್ದಂತೆಯೇ ಮಾಸಿತು. ಮುನಿಯಾದ ಮೇಲೆ ರೋಗ ಕಾಡಿದಾಗ ವೈದ್ಯವೇಷದಲ್ಲಿ ಬಂದ ದೇವನ ಚಿಕಿತ್ಸೆಯನ್ನೂ ಆತ ಬೇಡವೆಂದ. ಕಥೆ ಮಹತ್ತರವಾದುದು. ಆದರೆ ಆ ಕಥೆಯಲ್ಲಿ ರೂಪದ ಮದವನ್ನು ಬಿಟ್ಟವನು ರೂಪವಿದ್ದ ಚಕ್ರವರ್ತಿ. ಇಲ್ಲಿ ವೈರಾಗ್ಯದ ಉಪದೇಶ ಸಲ್ಲುತ್ತಿರುವುದು ಇಪ್ಪತ್ತಮೂರರ ಹುಡುಗಿಗೆ. ಅಶುಚಿ ಅನುಪ್ರೇಕ್ಷೆಯನ್ನು ಬಾಯಿಪಾಠ ಹೇಳುವ ಮನೆಯಲ್ಲಿಯೇ ಬಂದ ಭಾವಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಮೂಗನ್ನು ಪರೀಕ್ಷಿಸುವುದೂ ನಡೆಯುತ್ತದೆ. ಅನುಪ್ರೇಕ್ಷೆ ಮೊದಲು ಬೇಕಿರುವುದು ಆ ಬೆರಳುಗಳಿಗೆ.

1899ರಲ್ಲಿ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆಯ ಕಾಲದಿಂದ ಸುಧಾರಣೆಯೆಂದರೆ ಠರಾವು ಮಾತ್ರವಲ್ಲ, ನಡೆ. ವಧೂವರ ಪರಿಚಯ ಸಭೆ ನಡೆಸುವ ಸ್ಥಳೀಯ ಮಂಡಳಿಗಳು ಮೊದಲ ಸುತ್ತಿನ ಪರಿಚಯಪತ್ರದಿಂದ ಭಾವಚಿತ್ರವನ್ನೂ ಮೈಬಣ್ಣದ ಅಂಕಣವನ್ನೂ ಕೈಬಿಡಬಹುದು. ಇದಕ್ಕೆ ಹಣ ಬೇಡ, ಸರ್ಕಾರದ ಅನುಮತಿಯೂ ಬೇಡ. ಮಂಡಳಿಯಲ್ಲಿರುವ ವೈದ್ಯರೂ ವಕೀಲರೂ ಕೂಡಿ ಕುಟುಂಬಗಳಿಗೆ ಗುಟ್ಟಾಗಿ ಸಲಹೆ ಕೊಡುವ ವ್ಯವಸ್ಥೆಯೂ ಅಸಾಧ್ಯವಲ್ಲ. ಶಸ್ತ್ರಚಿಕಿತ್ಸಕರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪಡೆದವರೇ, ಇಲ್ಲವೆ ಮೂಗಿನ ಚಿಕಿತ್ಸೆಯಲ್ಲಿ ಪಳಗಿದ ಕಿವಿ-ಮೂಗು-ಗಂಟಲು ತಜ್ಞರೇ, ಮಹಾರಾಷ್ಟ್ರ ವೈದ್ಯ ಪರಿಷತ್ತಿನಲ್ಲಿ ಅವರ ನೋಂದಣಿ ಇದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲು ನೋಡಿಕೊಡುವುದು ಅಂಥ ಸಲಹೆಯ ಮೊದಲ ಕೆಲಸ.

ಈಗಾಗಲೇ ನೊಂದಿರುವವರು ತಿಳಿಯಬೇಕಾದದ್ದು ಇಷ್ಟು. ವೈದ್ಯರ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಹೇಳಿದೆ. ತಿಳಿವಳಿಕೆಯುಳ್ಳ ಒಪ್ಪಿಗೆ ಇಲ್ಲದೆ ಶಸ್ತ್ರಚಿಕಿತ್ಸೆ ಮಾಡಬಾರದೆಂದು 2008ರಲ್ಲಿ ವಿವರಿಸಿದೆ. ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳ ಪ್ರತಿ ಕೊಡುವುದು ವೈದ್ಯರ ಹೊಣೆ. 2019ರ ಕಾಯ್ದೆಯಂತೆ ಚಿಕಿತ್ಸೆ ಬೆಂಗಳೂರಿನಲ್ಲಿ ನಡೆದಿದ್ದರೂ ಡೊಂಬಿವಲಿಯ ನಿವಾಸಿ ತಮ್ಮ ಜಿಲ್ಲೆಯಾದ ಠಾಣೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಅದಕ್ಕೆ ಇರುವ ಗಡುವು ಎರಡು ವರ್ಷ, ಮತ್ತು ಅದರಲ್ಲಿ ಒಂದು ವರ್ಷವನ್ನು ಬಾವು ಇಳಿಯಲೆಂದು ಕಾಯುವುದರಲ್ಲಿಯೇ ಎಲ್ಲರೂ ಕಳೆಯುತ್ತಾರೆ.