ತೊಗಟೆಗೆ ಬಲಿಯಾಗುತ್ತಿರುವ ಅಶೋಕ
ಶಾಲೆ, ಕಚೇರಿಗಳ ಕಾಂಪೌಂಡಿನುದ್ದಕ್ಕೂ ಕಂಬದಂತೆ ನೆಟ್ಟಗೆ ನಿಲ್ಲುವ, ಹೆಚ್ಚಿನವರು ಅಶೋಕವೆಂದೇ ಕರೆಯುವ ಮರ ಸೀತಾಫಲದ ಬಳಗದ್ದು, ಮೊನೂನ್ ಲಾಂಜಿಫೋಲಿಯಂ. ನರ್ಸರಿಗಳಲ್ಲಿ ಧಾರಾಳವಾಗಿ ಸಿಗುವ ಅದರ ಬಗ್ಗೆ ಚಿಂತೆಯಿಲ್ಲ. ನನ್ನ ಆತಂಕವೆಲ್ಲ ಸೀತಾ ಅಶೋಕದ್ದು. ಸರಾಕಾ ಅಸೋಕ ಎಂಬ ಈ ಮರ ಹುಣಸೆಯ ಹಾಗೆ ದ್ವಿದಳ ಕುಟುಂಬಕ್ಕೆ ಸೇರಿದ್ದು. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ಹೊಳೆಯಂಚನ್ನು ಹಿಡಿದು ಬೆಳೆಯುತ್ತದೆ. ಕಿತ್ತಳೆಯಾಗಿ ಅರಳಿ ಕೆಂಪಿಗೆ ತಿರುಗುವ ಅದರ ಗೊಂಚಲುಗಳಲ್ಲಿ ಒಂದೂ ದಳವಿಲ್ಲ, ಆ ಚೆಲುವೆಲ್ಲ ಪುಷ್ಪಪತ್ರಗಳದು! ಅಶೋಕಾರಿಷ್ಟವೆಂಬ ಆಯುರ್ವೇದ ಔಷಧಕ್ಕೆಂದು ತೊಗಟೆ ಸುಲಿದೂ ಸುಲಿದೂ ಕಾಡಿನ ಮರಗಳು ಕಡಿಮೆಯಾಗಿವೆ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದು ಅಪಾಯಕ್ಕೀಡಾಗಬಲ್ಲ ಪ್ರಭೇದ. ತೊಗಟೆ ಸಾಲದಾದಾಗ ಮಾರುಕಟ್ಟೆಯಲ್ಲಿ ಕಾಂಪೌಂಡಿನ ಅಶೋಕದ ತೊಗಟೆಯನ್ನೇ ಬೆರೆಸುವುದುಂಟು. ಇದು ರೋಗಿಗೆ ಮಾಡುವ ದ್ರೋಹ. ಔಷಧ ತಯಾರಕರು ತೋಟದಲ್ಲಿ ಬೆಳೆಸಿದ ಸೀತಾ ಅಶೋಕದ ತೊಗಟೆಯನ್ನಷ್ಟೇ ಕೊಳ್ಳುವಂತೆ ಸರ್ಕಾರ ಕಡ್ಡಾಯ ಮಾಡಬೇಕು.